ಮತಪತ್ರದಿಂದ ಮತಯಂತ್ರಕ್ಕೆ: ಇವಿಎಂ, ವಿವಿಪ್ಯಾಟ್ ಮತ್ತು ಚುನಾವಣಾ ಸುಧಾರಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮತದಾರರು, ಪಕ್ಷಗಳ ಮತಗಟ್ಟೆ ಏಜೆಂಟರು ಮತ್ತು ಮೊದಲ ಸಲ ಚುನಾವಣಾ ಡ್ಯೂಟಿ ಬಿದ್ದ ಶಿಕ್ಷಕರು, ನೌಕರರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಹೇಳಿರುವ ಕ್ರಮವೆಲ್ಲ ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳದ್ದು. ಪಂಚಾಯಿತಿ, ನಗರಸಭೆಗಳ ಮಾತು ಬೇರೆ. ಅದಕ್ಕೆ ಕೊನೆಯ ಕಡೆ ಒಂದು ಪ್ರಶ್ನೆ ಇದೆ.

ಮತಪತ್ರದಲ್ಲಿ ಏನು ತೊಂದರೆ ಇತ್ತು? ಯಂತ್ರ ಏಕೆ ಬೇಕಾಯಿತು?

1951–52ರ ಮೊದಲ ಮಹಾಚುನಾವಣೆಯಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ ಇತ್ತು. ಪೆಟ್ಟಿಗೆಯ ಮೇಲೆ ಅವರ ಚಿಹ್ನೆ ಅಂಟಿಸಿರುತ್ತಿದ್ದರು. ಮತದಾರರು ಏನೂ ಗುರುತು ಮಾಡದೆ ಮತಪತ್ರವನ್ನು ತಮಗೆ ಬೇಕಾದ ಪೆಟ್ಟಿಗೆಗೆ ಹಾಕುತ್ತಿದ್ದರು. ಸುಮಾರು 17 ಕೋಟಿ ಮತದಾರರಲ್ಲಿ ಬಹುಪಾಲು ಜನರಿಗೆ ಓದು ಬಾರದ ಕಾಲಕ್ಕೆ ಅದು ತಕ್ಕ ವ್ಯವಸ್ಥೆಯೇ ಆಗಿತ್ತು. 1962ರ ಲೋಕಸಭಾ ಚುನಾವಣೆಯ ಹೊತ್ತಿಗೆ ಎಲ್ಲ ಹೆಸರು, ಚಿಹ್ನೆಗಳಿರುವ ಒಂದೇ ಮತಪತ್ರ ಮತ್ತು ಅದರ ಮೇಲೆ ಒತ್ತುವ ರಬ್ಬರ್ ಮುದ್ರೆ ಬಂದವು.

ಮುದ್ರೆಯ ಜೊತೆಗೇ ಅಸಿಂಧು ಮತದ ತಲೆನೋವೂ ಬಂತು. ಮುದ್ರೆ ಎರಡು ಹೆಸರುಗಳ ನಡುವಿನ ಗೆರೆಯ ಮೇಲೆ ಬೀಳುತ್ತಿತ್ತು, ಕೆಲವರು ಎರಡು ಕಡೆ ಒತ್ತುತ್ತಿದ್ದರು, ಇನ್ನು ಕೆಲವರು ಹೆಬ್ಬೆಟ್ಟು ಒತ್ತಿಬಿಡುತ್ತಿದ್ದರು. ಎಣಿಕೆ ಮೇಜಿನ ಮೇಲೆ ಇಂಥ ಒಂದೊಂದು ಚೀಟಿಗೂ ವಾದ ನಡೆಯುತ್ತಿತ್ತು. ಎಲ್ಲ ಪೆಟ್ಟಿಗೆಗಳ ಚೀಟಿ ಬೆರೆಸಿ, 50ರ ಕಟ್ಟು ಕಟ್ಟಿ, ಅಭ್ಯರ್ಥಿವಾರು ವಿಂಗಡಿಸಿ ಎಣಿಸುವಷ್ಟರಲ್ಲಿ ಹಗಲು ರಾತ್ರಿ ಕಳೆಯುತ್ತಿತ್ತು.

ಅಭ್ಯರ್ಥಿಗಳ ಸಂಖ್ಯೆ ಮಿತಿ ಮೀರಿದರೆ ಕಾಗದ ಸೋಲುತ್ತದೆ ಎಂಬುದನ್ನು 1996ರಲ್ಲಿ ಬೆಳಗಾವಿಯೇ ತೋರಿಸಿತು. ಆ ವರ್ಷ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಮಂದಿ ಕಣದಲ್ಲಿದ್ದರು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಮಂದಿ ಇದ್ದು, ಮತಪತ್ರವನ್ನು ಪುಸ್ತಕದ ಹಾಗೆ ಹೊಲಿಯಬೇಕಾಯಿತು. ಠೇವಣಿ ಹೆಚ್ಚಿಸಿದ್ದು ಅದಾದ ಮೇಲೆಯೇ.

ಎಲ್ಲಕ್ಕಿಂತ ದೊಡ್ಡ ಪಿಡುಗು ಮತಗಟ್ಟೆ ವಶ. ಮತಪತ್ರದ ಕಟ್ಟು ಕಿತ್ತುಕೊಂಡು, ಮುದ್ರೆ ಒತ್ತಿ ಪೆಟ್ಟಿಗೆಗೆ ತುರುಕಲು ಹತ್ತು ಜನರಿಗೆ ಅರ್ಧ ಗಂಟೆ ಸಾಕು. ವಿದ್ಯುನ್ಮಾನ ಮತಯಂತ್ರ (ಇವಿಎಂ) ನಿಮಿಷಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಮತ ಸ್ವೀಕರಿಸುವುದಿಲ್ಲ. ಸಾವಿರ ಮತ ಹಾಕಲು ಮೂರು ಗಂಟೆಗೂ ಹೆಚ್ಚು ಹೊತ್ತು ಬೇಕು. ಅಷ್ಟರೊಳಗೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ 'ಕ್ಲೋಸ್' ಗುಂಡಿ ಒತ್ತಿದರೆ ಯಂತ್ರ ಮುಂದಿನ ಒಂದು ಮತವನ್ನೂ ತೆಗೆದುಕೊಳ್ಳದು.

ಈ ಬದಲಾವಣೆ ಒಂದೇ ಸಲಕ್ಕೆ ಆಯಿತೇ?

ಇಲ್ಲ. ಮೊದಲ ಪ್ರಯೋಗದಿಂದ ದೇಶವ್ಯಾಪಿ ಬಳಕೆಗೆ 22 ವರ್ಷ ಹಿಡಿಯಿತು. ಅಷ್ಟು ಕಾಲ ಹಿಡಿದದ್ದು ಒಳ್ಳೆಯದೇ ಆಯಿತು ಎಂಬುದು ನಮ್ಮ ಅಭಿಪ್ರಾಯ.

1977ರಲ್ಲಿ ಅಂದಿನ ಮುಖ್ಯ ಚುನಾವಣಾ ಆಯುಕ್ತ ಎಸ್.ಎಲ್. ಶಕಧರ್ ಯಂತ್ರದ ವಿಚಾರ ಎತ್ತಿದರು. ಹೈದರಾಬಾದಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಸಂಸ್ಥೆ ಇಸಿಐಎಲ್ 1979ರಲ್ಲಿ ಮಾದರಿ ಸಿದ್ಧಪಡಿಸಿತು. ಅಂಥದೇ ಸಂಸ್ಥೆಯಾದ ಬೆಂಗಳೂರಿನ ಬಿಇಎಲ್ ಕೂಡ ಕೈ ಜೋಡಿಸಿತು. ಇವತ್ತಿಗೂ ಚುನಾವಣಾ ಆಯೋಗಕ್ಕೆ ಯಂತ್ರ ಮಾಡಿಕೊಡುವ ಸಂಸ್ಥೆಗಳು ಇವೆರಡೇ. 1982ರ ಮೇ 19ರಂದು ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಬಾರಿಗೆ ಯಂತ್ರ ಬಳಸಿದರು. ಗೆಲುವಿನ ಅಂತರ 123 ಮತ. ಸೋತವರು ನ್ಯಾಯಾಲಯಕ್ಕೆ ಹೋದರು. ಕಾನೂನಿನಲ್ಲಿ ಇರುವುದು ಮತಪತ್ರ ಮತ್ತು ಮತಪೆಟ್ಟಿಗೆ ಮಾತ್ರ, ಯಂತ್ರ ಬಳಸಲು ಆಯೋಗಕ್ಕೆ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿತು. ಆ 50 ಮತಗಟ್ಟೆಗಳಲ್ಲಿ ಮತಪತ್ರದಿಂದ ಮರು ಮತದಾನ ನಡೆದು ಫಲಿತಾಂಶವೇ ತಿರುಗಿತು. ಯಂತ್ರ ಕೆಟ್ಟಿರಲಿಲ್ಲ, ಅದರ ಹಿಂದೆ ಕಾನೂನಿರಲಿಲ್ಲ. ಯಾವ ದೇಶವೇ ಆಗಲಿ, ಯಂತ್ರ ಕೊಳ್ಳುವ ಮೊದಲು ನೋಡಿಕೊಳ್ಳಬೇಕಾದ ಸಂಗತಿ ಇದು.

ಆಮೇಲೆ ಪ್ರಜಾಪ್ರತಿನಿಧಿ ಕಾಯ್ದೆಗೆ ಯಂತ್ರ ಬಳಸಲು ಅವಕಾಶ ಕೊಡುವ 61ಎ ಸೆಕ್ಷನ್ ಸೇರಿ 1989ರ ಮಾರ್ಚ್ 15ರಂದು ಜಾರಿಗೆ ಬಂತು. 1998ರ ನವೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಗಳ 16 ವಿಧಾನಸಭಾ ಕ್ಷೇತ್ರಗಳು, 1999ರಲ್ಲಿ ಇಡೀ ಗೋವಾ ವಿಧಾನಸಭೆ, ಹೀಗೆ ಹೆಜ್ಜೆ ಹೆಜ್ಜೆಯಾಗಿ ಸಾಗಿ 2004ರಲ್ಲಿ ಎಲ್ಲ 543 ಲೋಕಸಭಾ ಕ್ಷೇತ್ರಗಳಿಗೂ ಯಂತ್ರ ಬಂತು. ಆ ವರ್ಷ ಕರ್ನಾಟಕದಲ್ಲಿ ವಿಧಾನಸಭೆಗೂ ಜೊತೆಯಲ್ಲೇ ಚುನಾವಣೆ ನಡೆಯಿತು.

ಯಂತ್ರದ ಭಾಗಗಳು ಯಾವುವು? ಯಾವುದು ಎಲ್ಲಿರುತ್ತದೆ?

ಮೂರು ಪೆಟ್ಟಿಗೆ. ಮತದಾರರು ಗುಂಡಿ ಒತ್ತುವುದು ಬ್ಯಾಲಟ್ ಯೂನಿಟ್. ಅದರ ಪಕ್ಕದಲ್ಲಿ ಮತ ಯಾರಿಗೆ ಬಿತ್ತು ಎಂಬ ಚೀಟಿ ಮುದ್ರಿಸುವ ವಿವಿಪ್ಯಾಟ್. ಇವೆರಡೂ ಮತದಾನದ ಮರೆಯೊಳಗೆ ಇರುತ್ತವೆ. ಮೂರನೆಯದು ಕಂಟ್ರೋಲ್ ಯೂನಿಟ್. ಇದು ಮತಗಟ್ಟೆ ಅಧಿಕಾರಿಯ ಮೇಜಿನ ಮೇಲಿರುತ್ತದೆ, ಮತಗಳು ದಾಖಲಾಗುವುದು ಇದರಲ್ಲೇ. ಬ್ಯಾಲಟ್ ಯೂನಿಟ್‌ನ ಕೇಬಲ್ ವಿವಿಪ್ಯಾಟ್‌ಗೆ, ವಿವಿಪ್ಯಾಟ್‌ನ ಕೇಬಲ್ ಕಂಟ್ರೋಲ್ ಯೂನಿಟ್‌ಗೆ ಹೋಗುತ್ತದೆ.

ಒಂದು ಬ್ಯಾಲಟ್ ಯೂನಿಟ್‌ನಲ್ಲಿ 16 ಗುಂಡಿ. ಒಂದು ಗುಂಡಿ ನೋಟಾಕ್ಕೆ (ಯಾರಿಗೂ ಮತವಿಲ್ಲ ಎನ್ನುವ ಆಯ್ಕೆಗೆ) ಹೋಗುವುದರಿಂದ 15 ಅಭ್ಯರ್ಥಿಗಳವರೆಗೆ ಒಂದೇ ಯೂನಿಟ್ ಸಾಕು. 2013ರಿಂದ ತಯಾರಾಗುತ್ತಿರುವ ಎಂ3 ಮಾದರಿಗೆ 24 ಯೂನಿಟ್‌ಗಳನ್ನು, ಅಂದರೆ 384 ಹೆಸರುಗಳನ್ನು ಜೋಡಿಸಬಹುದು. ಹಳೆಯ ಎಂ2ಗೆ 64 ಹೆಸರೇ ಮಿತಿ. 2019ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ 185 ಅಭ್ಯರ್ಥಿಗಳಿದ್ದಾಗ ಪ್ರತಿ ಮತಗಟ್ಟೆಯಲ್ಲಿ 12 ಯೂನಿಟ್ ಜೋಡಿಸಿ ಮತದಾನ ನಡೆಸಿದರು. ಬೆಳಗಾವಿಯ 456 ಮಂದಿ ಇವತ್ತು ಮತ್ತೆ ನಿಂತರೆ ಯಂತ್ರಕ್ಕೂ ಆಗದು, ಮತಪತ್ರಕ್ಕೇ ಮರಳಬೇಕು.

ಎಲ್ಲವೂ ನಡೆಯುವುದು ಬ್ಯಾಟರಿಯಲ್ಲಿ, ಕರೆಂಟ್ ಇಲ್ಲದ ಊರಿನಲ್ಲೂ ಅಡ್ಡಿಯಿಲ್ಲ. ಎಂ3 ಕಂಟ್ರೋಲ್ ಯೂನಿಟ್‌ಗೆ 7.5 ವೋಲ್ಟ್, ವಿವಿಪ್ಯಾಟ್‌ಗೆ 22.5 ವೋಲ್ಟ್‌ನ ಪವರ್ ಪ್ಯಾಕ್. ಬ್ಯಾಟರಿ ತೆಗೆದರೂ ದಾಖಲಾದ ಮತ ಅಳಿಯುವುದಿಲ್ಲ. ಇಂಟರ್‌ನೆಟ್, ವೈಫೈ, ಬ್ಲೂಟೂತ್ ಯಾವುದೂ ಇದರಲ್ಲಿಲ್ಲ.

ಸಂಜೆಯಾದರೂ ಬ್ಯಾಟರಿ ಶೇ 99 ಎಂದು ತೋರಿಸುವುದೇಕೆ? ಯಂತ್ರ ಬದಲಾಯಿಸಿದ್ದಾರೆಯೇ?

ಅಷ್ಟರಿಂದಲೇ ಹಾಗೆ ಹೇಳಲಾಗದು. ಹೊಸ ಬ್ಯಾಟರಿಯ ವೋಲ್ಟೇಜು 7.4ಕ್ಕಿಂತ ಕೆಳಗಿಳಿಯುವವರೆಗೆ ಪರದೆಯಲ್ಲಿ 99 ಎಂದೇ ಬರುತ್ತದೆ. ಕಡಿಮೆ ಮತ ಬಿದ್ದ, ಹೊಸ ಬ್ಯಾಟರಿ ಹಾಕಿದ ಯಂತ್ರ ಎಣಿಕೆಯ ದಿನವೂ 99 ತೋರಿಸಬಹುದು. ಯಂತ್ರ ಬದಲಾಗಿದೆಯೇ ಎಂದು ನೋಡಲು ಇದಕ್ಕಿಂತ ಗಟ್ಟಿ ದಾರಿ ಯಂತ್ರದ ಕ್ರಮಸಂಖ್ಯೆ ಮತ್ತು ಸೀಲಿನ ಸಂಖ್ಯೆಯನ್ನು ತಾಳೆ ನೋಡುವುದು. ಏಜೆಂಟರ ಬಳಿ ಆ ಸಂಖ್ಯೆ ಬರೆದಿಟ್ಟ ಕಾಗದ ಇರಬೇಕು, ಅಷ್ಟೇ.

ಮತದಾನಕ್ಕೆ ಮೊದಲು ಯಂತ್ರವನ್ನು ಯಾರು, ಹೇಗೆ ಪರೀಕ್ಷಿಸುತ್ತಾರೆ?

ಮೊದಲ ಹಂತದ ತಪಾಸಣೆಯನ್ನು ಬಿಇಎಲ್ ಅಥವಾ ಇಸಿಐಎಲ್ ಎಂಜಿನಿಯರುಗಳು ಜಿಲ್ಲಾ ಕೇಂದ್ರದಲ್ಲಿ ಮಾಡುತ್ತಾರೆ. ಪಕ್ಷಗಳಿಗೆ ಲಿಖಿತ ಸೂಚನೆ ಕೊಟ್ಟು ಕರೆಯುತ್ತಾರೆ. ಎಲ್ಲ ಯಂತ್ರಗಳ ತಪಾಸಣೆ ಮುಗಿದ ಮೇಲೆ ಶೇ 1ರಷ್ಟು ಯಂತ್ರಗಳಿಗೆ 1,200, ಶೇ 2ಕ್ಕೆ 1,000, ಇನ್ನೂ ಶೇ 2ಕ್ಕೆ 500 ಅಣಕು ಮತ ಹಾಕಿ ಚೀಟಿಗಳ ಜೊತೆ ತಾಳೆ ನೋಡುತ್ತಾರೆ. ಆ ಯಂತ್ರಗಳನ್ನು ಪಕ್ಷಗಳ ಪ್ರತಿನಿಧಿಗಳೇ ಆರಿಸಬಹುದು.

ಆಮೇಲೆ ಎರಡು ಸಲ ಕಂಪ್ಯೂಟರ್ ಮೂಲಕ ಯಾದೃಚ್ಛಿಕ ಹಂಚಿಕೆ ನಡೆಯುತ್ತದೆ. ಮೊದಲ ಸಲ ಯಾವ ಯಂತ್ರ ಯಾವ ವಿಧಾನಸಭಾ ಕ್ಷೇತ್ರಕ್ಕೆ ಎಂಬುದು, ಎರಡನೇ ಸಲ ಯಾವ ಮತಗಟ್ಟೆಗೆ ಎಂಬುದು ತೀರ್ಮಾನವಾಗುತ್ತದೆ. ಬ್ಯಾಲಟ್ ಯೂನಿಟ್‌ನಲ್ಲಿ ಯಾರ ಹೆಸರು ಎಷ್ಟನೇ ಸಾಲಿಗೆ ಬರುತ್ತದೆ ಎಂಬುದು ನಾಮಪತ್ರ ವಾಪಸಾತಿ ಮುಗಿದ ಮೇಲಷ್ಟೇ ಖಚಿತ. ಕಾರ್ಖಾನೆಯಲ್ಲೇ 'ಮೂರನೇ ಗುಂಡಿಗೆ ಮತ ಹೋಗಲಿ' ಎಂದು ಸಜ್ಜು ಮಾಡುವುದು ವ್ಯರ್ಥವಾಗುವುದು ಈ ಕಾರಣಕ್ಕೆ.

ಕೊನೆಯ ಹಂತ, ಯಂತ್ರಗಳನ್ನು ಕ್ಷೇತ್ರಕ್ಕೆ ಸಜ್ಜುಗೊಳಿಸುವುದು. ಬ್ಯಾಲಟ್ ಯೂನಿಟ್‌ಗೆ ಹೆಸರಿನ ಹಾಳೆ ಹಾಕುತ್ತಾರೆ: ಲೋಕಸಭೆಗೆ ಬಿಳಿ, ವಿಧಾನಸಭೆಗೆ ಗುಲಾಬಿ. ಚಿಹ್ನೆ ತುಂಬುವ ಯೂನಿಟ್ ಮೂಲಕ ವಿವಿಪ್ಯಾಟ್‌ಗೆ ಹೆಸರು, ಚಿಹ್ನೆ ತುಂಬುತ್ತಾರೆ. ಶೇ 5ರಷ್ಟು ಯಂತ್ರಗಳಿಗೆ ತಲಾ 1,000 ಅಣಕು ಮತ ಹಾಕುತ್ತಾರೆ. ಹೊರಗಿನ ಮಾಹಿತಿ ಯಂತ್ರದೊಳಗೆ ಸೇರುವ ಹಂತ ಇದೊಂದೇ. ಹಾಗಾಗಿ ಪಕ್ಷಗಳು ತಮ್ಮ ಅತ್ಯಂತ ಚುರುಕಾದ ಕಾರ್ಯಕರ್ತರನ್ನು ಕಳಿಸಬೇಕಾದದ್ದು ಇಲ್ಲಿಗೆ. ಆಗುತ್ತಿರುವುದು ಬೇರೆ. ಎಣಿಕೆ ದಿನ ಜಾತ್ರೆಯಷ್ಟು ಜನ ಸೇರುತ್ತಾರೆ; ತಪಾಸಣೆಯ ದಿನ ಸಹಿ ಹಾಕಲೂ ಯಾರೂ ಇರುವುದಿಲ್ಲ.

ಬೆಳಗಿನ ಅಣಕು ಮತದಾನದಲ್ಲಿ ಏನೇನು ಆಗಬೇಕು?

ಮತದಾನಕ್ಕೆ 90 ನಿಮಿಷ ಮೊದಲು ಶುರು. ಕರ್ನಾಟಕದಲ್ಲಿ ಮತದಾನ ಸಾಮಾನ್ಯವಾಗಿ ಬೆಳಿಗ್ಗೆ 7ಕ್ಕೆ ಇರುವುದರಿಂದ ಏಜೆಂಟರು 5.30ರ ಒಳಗೆ ಮತಗಟ್ಟೆಯಲ್ಲಿರಬೇಕು. ಬಾರದಿದ್ದರೆ ಅಧ್ಯಕ್ಷಾಧಿಕಾರಿ 15 ನಿಮಿಷ ಕಾದು ಮುಂದುವರಿಯುತ್ತಾರೆ.

ಮೊದಲು ಯಂತ್ರ ಖಾಲಿ ಇದೆ, ಚೀಟಿ ಬೀಳುವ ಪೆಟ್ಟಿಗೆಯೂ ಖಾಲಿ ಇದೆ ಎಂದು ತೋರಿಸುತ್ತಾರೆ. ಆಮೇಲೆ ನೋಟಾ ಸೇರಿ ಎಲ್ಲ ಗುಂಡಿಗಳಿಗೂ ಬೀಳುವಂತೆ ಕನಿಷ್ಠ 50 ಮತ. ಯಾವ ಗುಂಡಿಗೆ ಎಷ್ಟು ಒತ್ತಿದೆವು ಎಂಬ ಲೆಕ್ಕವನ್ನು ಒಬ್ಬರು ಕಾಗದದ ಮೇಲೆ ಬರೆಯುತ್ತಾ ಹೋಗಬೇಕು. ನಂತರ ಕ್ಲೋಸ್, ರಿಸಲ್ಟ್, ಕ್ಲಿಯರ್, ಇದೇ ಕ್ರಮದಲ್ಲಿ ಮೂರು ಗುಂಡಿ. ತರಬೇತಿಯಲ್ಲಿ ಇದನ್ನು 'ಸಿಆರ್‌ಸಿ' ಎಂದು ಕಲಿಸುತ್ತಾರೆ. ರಿಸಲ್ಟ್ ಒತ್ತಿದಾಗ ಬರುವ ಅಂಕಿಯನ್ನು ಬರೆದ ಲೆಕ್ಕಕ್ಕೂ ಚೀಟಿಗಳ ಎಣಿಕೆಗೂ ತಾಳೆ ನೋಡುತ್ತಾರೆ. ಕೊನೆಗೆ ಚೀಟಿಗಳನ್ನು ಹೊರತೆಗೆದು, ಹಿಂಬದಿಗೆ ಅಣಕು ಮತದಾನದ ಮುದ್ರೆ ಒತ್ತಿ, ದಪ್ಪ ಕಪ್ಪು ಲಕೋಟೆಗೆ ಹಾಕಿ, ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗುಲಾಬಿ ಕಾಗದದ ಸೀಲ್ ಅಂಟಿಸುತ್ತಾರೆ. ಕಂಟ್ರೋಲ್ ಯೂನಿಟ್‌ಗೆ ಹಸಿರು ಕಾಗದದ ಸೀಲ್ ಬೀಳುತ್ತದೆ. ಸೀಲ್‌ಗಳ ಮೇಲೆ ಏಜೆಂಟರೂ ಸಹಿ ಮಾಡಬಹುದು. ಸಹಿ ಮಾಡಿ, ಸಂಖ್ಯೆ ಬರೆದುಕೊಳ್ಳಿ.

ಹೆಚ್ಚು ಎಡವಟ್ಟಾಗುವುದು ಕ್ಲಿಯರ್ ಗುಂಡಿಯ ವಿಷಯದಲ್ಲಿ. ಹೊರಗೆ ಸರತಿ ಬೆಳೆಯುತ್ತಿರುತ್ತದೆ, ಹಲವು ಮತಗಟ್ಟೆಗಳ ಉಸ್ತುವಾರಿಯ ಸೆಕ್ಟರ್ ಅಧಿಕಾರಿಯ ಫೋನ್ ಬರುತ್ತಿರುತ್ತದೆ. ರಿಸಲ್ಟ್ ನೋಡಿ ಕ್ಲಿಯರ್ ಮಾಡುವುದನ್ನು ಮರೆತು ಮತದಾನ ಶುರು ಮಾಡಿದರೆ ಅಣಕು ಮತಗಳು ನಿಜವಾದ ಮತದ ಜೊತೆ ಸೇರಿಬಿಡುತ್ತವೆ. ಅಂಥ ಯಂತ್ರವನ್ನು ಎಣಿಕೆಯಲ್ಲಿ ಬದಿಗಿಡುತ್ತಾರೆ. ಗೆಲುವಿನ ಅಂತರ ಆ ಯಂತ್ರದ ಮತಕ್ಕಿಂತ ಕಡಿಮೆ ಇದ್ದರೆ ವಿವಿಪ್ಯಾಟ್ ಚೀಟಿ ಎಣಿಸುತ್ತಾರೆ. ಮೊದಲ ಮತದಾರರನ್ನು ಒಳಗೆ ಬಿಡುವ ಮುನ್ನ 'ಟೋಟಲ್' ಗುಂಡಿ ಒತ್ತಿ ಸೊನ್ನೆ ಬಂದಿದೆಯೇ ಎಂದು ಏಜೆಂಟರಿಗೆ ತೋರಿಸಿದರೆ ಈ ಪಜೀತಿಯೇ ಇರುವುದಿಲ್ಲ.

ಮತ ಹಾಕುವಾಗ ನಾನು ಏನನ್ನು ಗಮನಿಸಬೇಕು?

ಬ್ಯಾಲಟ್ ಯೂನಿಟ್‌ನಲ್ಲಿ ಹಸಿರು ದೀಪ ಹೊತ್ತಿದೆಯೇ ನೋಡಿ. ಇಲ್ಲದಿದ್ದರೆ ಅಧಿಕಾರಿ ಇನ್ನೂ ಮತಕ್ಕೆ ಅನುವು ಮಾಡಿಲ್ಲ. ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ನೀಲಿ ಗುಂಡಿ ಒತ್ತಿದ ಮೇಲೆ ನೀವು ಆರಿಸಿದ ಹೆಸರಿನ ಮುಂದೆ ಕೆಂಪು ದೀಪ ಹೊತ್ತುತ್ತದೆ. ತಕ್ಷಣ ಕಣ್ಣನ್ನು ವಿವಿಪ್ಯಾಟ್‌ನ ಕಿಟಕಿಗೆ ಹೊರಳಿಸಿ. ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ ಏಳು ಸೆಕೆಂಡು ಕಾಣಿಸಿ, ಕತ್ತರಿಸಿ ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. ಬೀಪ್ ಸದ್ದು ಕೇಳಿದರೆ ಮತ ದಾಖಲಾಯಿತು. ಬಹಳ ಮಂದಿ ಬೀಪ್ ಕೇಳಿದ್ದೇ ಹೊರಟುಬಿಡುತ್ತಾರೆ, ಚೀಟಿ ನೋಡುವುದೇ ಇಲ್ಲ. ಆ ಏಳು ಸೆಕೆಂಡು ನಿಮಗಾಗಿಯೇ ಇಟ್ಟದ್ದು. ಕಣ್ಣು ಕಾಣದವರಿಗೆ ಗುಂಡಿಗಳ ಬದಿಯಲ್ಲಿ ಬ್ರೈಲ್ ಅಂಕಿಗಳಿವೆ.

ಚೀಟಿಯಲ್ಲಿ ಬೇರೆಯವರ ಹೆಸರು ಬಂದರೆ?

ಅಲ್ಲೇ ನಿಂತು ಅಧ್ಯಕ್ಷಾಧಿಕಾರಿಗೆ ಹೇಳಿ. ಚುನಾವಣಾ ನಿಯಮ 49ಎಂಎ ಪ್ರಕಾರ ನಿಮ್ಮಿಂದ ಲಿಖಿತ ಘೋಷಣೆ ಪಡೆದು, ಮತ ಹಾಕಲು ಬಂದವರನ್ನು ದಾಖಲಿಸುವ ನಮೂನೆ 17ಎ ಪುಸ್ತಕದಲ್ಲಿ ಎರಡನೇ ಸಲ ನಮೂದಿಸಿ, ಏಜೆಂಟರ ಎದುರಿನಲ್ಲಿ ಒಂದು ಪರೀಕ್ಷಾ ಮತ ಹಾಕಿಸುತ್ತಾರೆ. ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ಅಲ್ಲಿಗೇ ನಿಲ್ಲಬೇಕು. ಸುಳ್ಳೆಂದಾದರೆ ಪರೀಕ್ಷಾ ಮತ ಯಾರಿಗೆ ಬಿತ್ತು ಎಂದು ಬರೆದಿಟ್ಟು ಎಣಿಕೆಯಲ್ಲಿ ಕಳೆಯುತ್ತಾರೆ, ಸುಳ್ಳು ಘೋಷಣೆಗೆ ನಿಮ್ಮ ಮೇಲೆ ಕ್ರಮವಾಗಬಹುದು.

ಈ ಶಿಕ್ಷೆಯ ಭಯ ಪ್ರಾಮಾಣಿಕರನ್ನೂ ಹಿಂಜರಿಯುವಂತೆ ಮಾಡುತ್ತದೆ. ದೋಷ ಒಂದು ಸಲ ಕಂಡು ಪರೀಕ್ಷಾ ಮತದಲ್ಲಿ ಕಾಣದಿದ್ದರೆ ಮತದಾರನೇ ಅಪರಾಧಿಯಾಗಿ ನಿಲ್ಲುತ್ತಾನೆ. ಬೇಕೆಂದೇ ಗಲಾಟೆ ಎಬ್ಬಿಸುವವರನ್ನು ತಡೆಯುವ ಅಗತ್ಯ ಇದ್ದೇ ಇದೆ. ಆದರೂ ಈ ನಿಯಮವನ್ನು ಸಡಿಲಿಸುವುದೇ ಸರಿ.

ನನ್ನ ಮತವನ್ನು ಇನ್ಯಾರೋ ಹಾಕಿ ಹೋಗಿದ್ದಾರೆ. ಯಂತ್ರದಲ್ಲಿ ಮತ್ತೆ ಹಾಕಬಹುದೇ?

ಯಂತ್ರದಲ್ಲಿ ಆಗದು. ಗುರುತು ಖಚಿತವಾದರೆ ನಿಮಗೆ ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತಾರೆ, ಸಾಮಾನ್ಯ ಎಣಿಕೆಗೆ ಸೇರುವುದಿಲ್ಲ. ನ್ಯಾಯಾಲಯದಲ್ಲಿ ತಕರಾರು ಬಂದಾಗ ಅದಕ್ಕೆ ಬೆಲೆ. ಇದನ್ನು ತಡೆಯಬೇಕಾದವರು ಏಜೆಂಟರು. ಬಂದವರು ಆ ವ್ಯಕ್ತಿಯಲ್ಲ ಎಂಬ ಅನುಮಾನವಿದ್ದರೆ 2 ರೂಪಾಯಿ ಕಟ್ಟಿ ಆಕ್ಷೇಪ ಎತ್ತಬಹುದು. ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಣೆ ಮಾಡಬೇಕು.

ಮತದಾನದ ನಡುವೆ ಯಂತ್ರ ಕೈಕೊಟ್ಟರೆ?

ವಿವಿಪ್ಯಾಟ್ ಒಂದೇ ಕೆಟ್ಟರೆ ಅದೊಂದನ್ನೇ ಬದಲಿಸುತ್ತಾರೆ, ಹೊಸದಾಗಿ ಅಣಕು ಮತ ಬೇಡ. ಕಂಟ್ರೋಲ್ ಯೂನಿಟ್ ಅಥವಾ ಬ್ಯಾಲಟ್ ಯೂನಿಟ್ ಕೆಟ್ಟರೆ ಮೂರನ್ನೂ ಬದಲಿಸಿ, ನೋಟಾ ಸೇರಿ ಪ್ರತಿ ಗುಂಡಿಗೆ ಒಂದೊಂದು ಅಣಕು ಮತ ಹಾಕಿ ಮುಂದುವರಿಸಬೇಕು. ಹಳೆಯ ಯಂತ್ರದಲ್ಲಿ ಬಿದ್ದ ಮತಗಳು ಹಾಗೇ ಇರುತ್ತವೆ. ಆ ಯಂತ್ರವೂ ಎಣಿಕೆ ಕೇಂದ್ರಕ್ಕೆ ಹೋಗುತ್ತದೆ. ಏಜೆಂಟರು ಎರಡೂ ಯಂತ್ರಗಳ ಸಂಖ್ಯೆ ಬರೆದುಕೊಂಡಿರಬೇಕು.

ಮೂರರಲ್ಲಿ ಹೆಚ್ಚು ಕಾಡುವುದು ವಿವಿಪ್ಯಾಟ್. ಅದರೊಳಗೆ ಬೆಳಕಿನ ಸೆನ್ಸರ್ ಮತ್ತು ಚಲಿಸುವ ಭಾಗಗಳಿವೆ. ಕಿಟಕಿಯ ಬಿಸಿಲು ನೇರವಾಗಿ ಬಿದ್ದರೆ, ತಲೆಯ ಮೇಲೆಯೇ ಬಲ್ಬ್ ಇದ್ದರೆ ಸೆನ್ಸರ್ ಮೋಸಹೋಗಿ ಯಂತ್ರ ನಿಲ್ಲುತ್ತದೆ. 2018ರ ಮೇ ತಿಂಗಳಲ್ಲಿ ಉತ್ತರಪ್ರದೇಶದ ಕೈರಾನಾ ಉಪಚುನಾವಣೆಯಲ್ಲಿ ವಿವಿಪ್ಯಾಟ್‌ಗಳು ಸಾಲುಸಾಲಾಗಿ ಕೆಟ್ಟು ಹಲವೆಡೆ ಮರು ಮತದಾನ ಮಾಡಬೇಕಾಯಿತು. ಶಾಲೆಯ ಕೋಣೆಯಲ್ಲಿ ಮರೆ ಕಟ್ಟುವಾಗ ಕಿಟಕಿಗೆ ಎದುರಾಗಿ ಇಡಬೇಡಿ. ವಿವಿಪ್ಯಾಟ್‌ನ ಹಿಂಬದಿಯ ತಿರುಗುಗುಂಡಿ ಅಡ್ಡಲಾಗಿದ್ದರೆ ಸಾಗಣೆ ಸ್ಥಿತಿ, ನೆಟ್ಟಗಿದ್ದರೆ ಕೆಲಸದ ಸ್ಥಿತಿ. ನೆಟ್ಟಗೆ ತಿರುಗಿಸದೆ ಸ್ವಿಚ್ ಹಾಕಿ 'ಮಷಿನ್ ಕೆಟ್ಟಿದೆ' ಎಂದು ಸೆಕ್ಟರ್ ಅಧಿಕಾರಿಗೆ ಫೋನ್ ಮಾಡುವ ಸಿಬ್ಬಂದಿ ಪ್ರತಿ ಚುನಾವಣೆಯಲ್ಲೂ ಇರುತ್ತಾರೆ. ಕೇಬಲ್ ಹಾಕುವಾಗಲೂ ಕೀಳುವಾಗಲೂ ಕಂಟ್ರೋಲ್ ಯೂನಿಟ್ ಆಫ್ ಆಗಿರಬೇಕು. ಕೇಬಲ್ ಸಡಿಲವಾಗಿದ್ದರೆ 'ಲಿಂಕ್ ಎರರ್' ಬರುತ್ತದೆ. ಆಫ್ ಮಾಡಿ ಸರಿಯಾಗಿ ಕೂರಿಸಿದರೆ ಬಹುತೇಕ ಸರಿಹೋಗುತ್ತದೆ.

ನಮೂನೆ 17ಸಿ ಎಂದರೇನು? ಏಜೆಂಟರು ಅದಕ್ಕೆ ಅಷ್ಟು ಪಟ್ಟು ಹಿಡಿಯಬೇಕೇ?

ಅದು ಒಂದು ಮತಗಟ್ಟೆಯಲ್ಲಿ ದಾಖಲಾದ ಮತಗಳ ಲೆಕ್ಕಪತ್ರ. ಪಟ್ಟು ಹಿಡಿಯಲೇಬೇಕು. ಇಡೀ ವ್ಯವಸ್ಥೆಯಲ್ಲಿ ಅಭ್ಯರ್ಥಿಯ ಕೈಗೆ ಬರುವ ಬಲವಾದ ದಾಖಲೆ ಅದೊಂದೇ. ಮತದಾನ ಮುಗಿದು ಕ್ಲೋಸ್ ಒತ್ತಿದ ಮೇಲೆ ಅಧ್ಯಕ್ಷಾಧಿಕಾರಿ ಇದನ್ನು ತುಂಬಿ ಸಹಿ ಮಾಡುತ್ತಾರೆ: ಯಂತ್ರಗಳ ಸಂಖ್ಯೆ, ಮತಗಟ್ಟೆಯ ಒಟ್ಟು ಮತದಾರರು, 17ಎ ಪುಸ್ತಕದಲ್ಲಿ ನಮೂದಾದವರು, ಮತ ಹಾಕದೆ ಹಿಂತಿರುಗಿದವರು, ಕಳೆಯಬೇಕಾದ ಪರೀಕ್ಷಾ ಮತ, ಯಂತ್ರದಲ್ಲಿ ದಾಖಲಾದ ಒಟ್ಟು ಮತ, ಸೀಲ್‌ಗಳ ಲೆಕ್ಕ. ಅದರ ಪ್ರತಿಯನ್ನು ಹಾಜರಿರುವ ಪ್ರತಿ ಏಜೆಂಟರಿಗೂ ಕೊಡಬೇಕು.

ಎಣಿಕೆಯ ದಿನ ಕಂಟ್ರೋಲ್ ಯೂನಿಟ್ ಮೇಜಿಗೆ ಬಂದಾಗ, ರಿಸಲ್ಟ್ ಒತ್ತುವ ಮೊದಲೇ, ಯಂತ್ರದ ಸಂಖ್ಯೆ, ಸೀಲಿನ ಸಂಖ್ಯೆ ಮತ್ತು ಒಟ್ಟು ಮತವನ್ನು ಈ ಪ್ರತಿಯೊಂದಿಗೆ ತಾಳೆ ನೋಡಬೇಕು. ಮತಗಟ್ಟೆಯಿಂದ ಎಣಿಕೆ ಕೇಂದ್ರದವರೆಗಿನ ದಾರಿಯಲ್ಲಿ, ಸ್ಟ್ರಾಂಗ್ ರೂಮಿನಲ್ಲಿ ಏನಾದರೂ ಆಗಿದ್ದರೆ ಸಿಕ್ಕಿಬೀಳುವುದು ಇಲ್ಲೇ. ಆದರೆ ಮತಗಟ್ಟೆಯಲ್ಲಿ ಕೂತ ಏಜೆಂಟ್ ಒಬ್ಬ, ಎಣಿಕೆಗೆ ಹೋಗುವವ ಇನ್ನೊಬ್ಬ. ನಡುವೆ ಕಾಗದ ಯಾರದೋ ಜೇಬಿನಲ್ಲಿ ಉಳಿಯುತ್ತದೆ. ಮತದಾನದ ರಾತ್ರಿಯೇ ಎಲ್ಲ ಪ್ರತಿಗಳ ಫೋಟೊ ತೆಗೆದು ಮತಗಟ್ಟೆ ಸಂಖ್ಯೆಯ ಕ್ರಮದಲ್ಲಿ ಜೋಡಿಸಿಟ್ಟುಕೊಳ್ಳುವ ವ್ಯವಸ್ಥೆ ಪ್ರತಿ ಅಭ್ಯರ್ಥಿಗೂ ಬೇಕು. ಆಯೋಗವೂ ಈ ಅಂಕಿಗಳನ್ನು ಮತಗಟ್ಟೆವಾರು ತಕ್ಷಣ ಪ್ರಕಟಿಸಬೇಕು. ಏಜೆಂಟರಿಗೆ ಈಗಾಗಲೇ ಕೊಟ್ಟ ಅಂಕಿಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಎಣಿಕೆ ಹೇಗೆ ನಡೆಯುತ್ತದೆ?

ಬೆಳಿಗ್ಗೆ 8ಕ್ಕೆ ಅಂಚೆ ಮತ, ಅರ್ಧ ಗಂಟೆಯ ನಂತರ ಯಂತ್ರಗಳು. ಒಂದು ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಮೇಜು, 14 ಯಂತ್ರ ಮುಗಿದರೆ ಒಂದು ಸುತ್ತು. ಕಂಟ್ರೋಲ್ ಯೂನಿಟ್ ಮಾತ್ರ ಮೇಜಿಗೆ ಬರುತ್ತದೆ.

ಯಂತ್ರಗಳ ಎಣಿಕೆ ಮುಗಿದ ಮೇಲೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಐದು ಮತಗಟ್ಟೆ ಆರಿಸಿ, ಬ್ಯಾಂಕ್ ಕ್ಯಾಷಿಯರ್ ಕೌಂಟರಿನಂತೆ ಜಾಲರಿ ಹಾಕಿದ ಜಾಗದಲ್ಲಿ ಅವುಗಳ ವಿವಿಪ್ಯಾಟ್ ಚೀಟಿ ಎಣಿಸುತ್ತಾರೆ. ಅಭ್ಯರ್ಥಿವಾರು ವಿಂಗಡಿಸಿ 25ರ ಕಟ್ಟು ಕಟ್ಟುತ್ತಾರೆ. ಯಂತ್ರಕ್ಕೂ ಚೀಟಿಗೂ ವ್ಯತ್ಯಾಸ ಬಂದರೆ ನಿಯಮ 56ಡಿ ಪ್ರಕಾರ ಚೀಟಿಯ ಲೆಕ್ಕವೇ ಅಂತಿಮ. ಕಾನೂನಿನ ಕಣ್ಣಿನಲ್ಲಿ ಇವತ್ತಿಗೂ ಕಾಗದದ ಮಾತೇ ಮೇಲು.

ಐದು ಮತಗಟ್ಟೆ ಸಾಕೇ? ಎಲ್ಲ ಚೀಟಿಗಳನ್ನೂ ಏಕೆ ಎಣಿಸಬಾರದು?

ಮೊದಲು ಕ್ಷೇತ್ರಕ್ಕೆ ಒಂದೇ ಇತ್ತು. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ಏರಿಸಿತು. ಮತಪತ್ರಕ್ಕೆ ಮರಳಬೇಕು, ಇಲ್ಲವೇ ಎಲ್ಲ ಚೀಟಿ ಎಣಿಸಬೇಕು ಎಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ತಳ್ಳಿಹಾಕಿತು.

ಐದು ಸಾಕೇ ಎಂಬುದಕ್ಕೆ ಲೆಕ್ಕ ಹಾಕಿ ನೋಡೋಣ. 250 ಮತಗಟ್ಟೆಯ ಕ್ಷೇತ್ರದಲ್ಲಿ 25 ಯಂತ್ರ ಹಾಳಾಗಿದ್ದರೆ, ಅಂದರೆ ತಪ್ಪು ಲೆಕ್ಕ ತೋರಿಸುವಂತಿದ್ದರೆ, ಆರಿಸಿದ ಐದರಲ್ಲಿ ಒಂದಾದರೂ ಹಾಳು ಯಂತ್ರ ಸಿಗುವ ಸಾಧ್ಯತೆ ಶೇ 41 ಮಾತ್ರ. 50 ಹಾಳಾಗಿದ್ದರೆ ಶೇ 68. ಎರಡೇ ಇದ್ದರೆ ಶೇ 4. ಕರ್ನಾಟಕದ 224 ಕ್ಷೇತ್ರಗಳಲ್ಲೂ ಎರಡೆರಡು ಯಂತ್ರ ಹಾಳಾಗಿದ್ದರೆ ಮಾತ್ರ ಎಲ್ಲಾದರೂ ಒಂದು ಕಡೆ ಸಿಕ್ಕಿಬೀಳುವುದು ಹೆಚ್ಚುಕಡಿಮೆ ಖಚಿತ. ಅಂದರೆ ಈಗಿನ ಪದ್ಧತಿ ರಾಜ್ಯವ್ಯಾಪಿ ಮೋಸವನ್ನು ಹಿಡಿಯುತ್ತದೆ. ಕೆಲವೇ ನೂರು ಮತಗಳ ಅಂತರದಲ್ಲಿ ತೀರ್ಮಾನವಾದ ಒಂದು ಕ್ಷೇತ್ರದ ಸೋತವರಿಗೆ ಅದು ಸಮಾಧಾನ ಕೊಡಲಾರದು. ಎಲ್ಲ ಕಡೆ ಐದು ಎನ್ನುವ ಬದಲು ಅಂತರ ಕಡಿಮೆಯಾದಂತೆ ಹೆಚ್ಚು ಮತಗಟ್ಟೆಗಳ ಚೀಟಿ ಎಣಿಸಬೇಕು, ತೀರಾ ಕಡಿಮೆ ಇದ್ದಲ್ಲಿ ಪೂರ್ತಿ ಎಣಿಸಬೇಕು. ಖರ್ಚೂ ಸಮಯವೂ ಬೇಕಾದಲ್ಲಿಗೆ ಮಾತ್ರ ಹೋಗುತ್ತದೆ. ಚೀಟಿಗಳನ್ನು ಯಂತ್ರದಿಂದ ಎಣಿಸುವ ಸಾಧ್ಯತೆ ಪರಿಶೀಲಿಸುವಂತೆ ಕೋರ್ಟ್ ಕೂಡ ಅದೇ ತೀರ್ಪಿನಲ್ಲಿ ಹೇಳಿದೆ.

ಫಲಿತಾಂಶದ ಮೇಲೆ ಅನುಮಾನವಿದ್ದರೆ ಅಭ್ಯರ್ಥಿ ಏನು ಮಾಡಬಹುದು?

2024ರ ಆ ತೀರ್ಪಿನಂತೆ ಎರಡನೇ ಮತ್ತು ಮೂರನೇ ಸ್ಥಾನ ಪಡೆದವರು ಫಲಿತಾಂಶದ ಏಳು ದಿನದೊಳಗೆ ಬರೆದುಕೊಟ್ಟರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5ರಷ್ಟು ಯಂತ್ರಗಳ ಮೆಮೊರಿಯನ್ನು ತಯಾರಕ ಸಂಸ್ಥೆಯ ಎಂಜಿನಿಯರುಗಳಿಂದ ಪರಿಶೀಲಿಸಿಕೊಳ್ಳಬಹುದು. ಆಯೋಗ ಆ ವರ್ಷ ನಿಗದಿ ಮಾಡಿದ ಶುಲ್ಕ ಸೆಟ್ ಒಂದಕ್ಕೆ 40,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ಕೈವಾಡ ಕಂಡುಬಂದರೆ ಹಣ ವಾಪಸ್. ವಿವಿಪ್ಯಾಟ್‌ಗೆ ಚಿಹ್ನೆ ತುಂಬಲು ಬಳಸಿದ ಯೂನಿಟ್‌ಗಳನ್ನೂ 45 ದಿನ ಸೀಲ್ ಮಾಡಿ ಇಡಬೇಕು. ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಲು ಇರುವ ಅವಧಿಯೂ 45 ದಿನ.

ಇವಿಎಂ ಹ್ಯಾಕ್ ಮಾಡಲು ಸಾಧ್ಯವೇ?

ದೂರದಿಂದ, ಇಂಟರ್‌ನೆಟ್ ಮೂಲಕ ಸಾಧ್ಯವಿಲ್ಲ, ಸಂಪರ್ಕವೇ ಇಲ್ಲ. ಯಂತ್ರ ಕೈಗೆ ಸಿಕ್ಕರೆ ಸಾಧ್ಯ ಎಂದು 2010ರಲ್ಲಿ ಕಂಪ್ಯೂಟರ್ ಭದ್ರತೆಯ ತಜ್ಞರಾದ ಹರಿ ಪ್ರಸಾದ್, ಅಲೆಕ್ಸ್ ಹಾಲ್ಡರ್‌ಮನ್, ರಾಪ್ ಖೊಂಗ್ರೈಪ್ ಹಳೆಯ ಮಾದರಿಯ ಯಂತ್ರದಲ್ಲಿ ತೋರಿಸಿದರು. ಪರದೆಯ ಭಾಗವನ್ನೇ ಬದಲಿಸಿ ಸುಳ್ಳು ಅಂಕಿ ತೋರಿಸುವುದು ಅವರ ಒಂದು ವಿಧಾನವಾಗಿತ್ತು. ಆಗ ಹರಿ ಪ್ರಸಾದ್ ಅವರನ್ನು ಬಂಧಿಸಲಾಯಿತು. ದೋಷ ತೋರಿಸಿದವರನ್ನು ಹಾಗೆ ನಡೆಸಿಕೊಂಡದ್ದು ಯಂತ್ರದ ಮೇಲಿನ ನಂಬಿಕೆಗೇ ಪೆಟ್ಟು ಕೊಟ್ಟಿತು. ನಂತರದ ಎಂ3 ಬಿಚ್ಚಲು ಹೋದರೆ ನಿಷ್ಕ್ರಿಯವಾಗುತ್ತದೆ, ಭಾಗಗಳು ಒಂದನ್ನೊಂದು ಗುರುತಿಸಿದರೆ ಮಾತ್ರ ಕೆಲಸ ಮಾಡುತ್ತವೆ. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲು ಬಂದ ವಿವಿಪ್ಯಾಟ್ 2019ರ ಲೋಕಸಭಾ ಚುನಾವಣೆಗೆ ಎಲ್ಲ ಮತಗಟ್ಟೆಗೂ ತಲುಪಿತು. ಪರದೆ ಸುಳ್ಳು ಹೇಳಿದರೂ ಚೀಟಿ ಇರುತ್ತದೆ, ಎಣಿಸುವವರು ಬೇಕು ಅಷ್ಟೇ.

ಬೇರೆ ದೇಶಗಳು ಯಂತ್ರ ಬಿಟ್ಟವಲ್ಲ, ನಾವೇಕೆ ಬಿಡಲಿಲ್ಲ?

ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರಲ್ಲಿ ಅಲ್ಲಿ ಬಳಸಿದ ಯಂತ್ರಗಳನ್ನು ಒಪ್ಪಲಿಲ್ಲ. ವಿಶೇಷ ತಾಂತ್ರಿಕ ಜ್ಞಾನವಿಲ್ಲದ ನಾಗರಿಕನೂ ಎಣಿಕೆಯ ಮುಖ್ಯ ಹಂತಗಳನ್ನು ಪರೀಕ್ಷಿಸುವಂತಿರಬೇಕು ಎಂಬುದು ಅದರ ತರ್ಕ. ಆ ಯಂತ್ರಗಳಲ್ಲಿ ಕಾಗದದ ಚೀಟಿ ಇರಲಿಲ್ಲ. ಆದರೆ ಎಲ್ಲರೂ ಬಿಟ್ಟಿಲ್ಲ, ಬ್ರೆಜಿಲ್ 1996ರಿಂದ ಯಂತ್ರ ಬಳಸುತ್ತಿದೆ.

ಫಿಲಿಪ್ಪೀನ್ಸ್ ಬೇರೆ ದಾರಿ ಹಿಡಿಯಿತು. 2010ರ ಮೇ 10ರಂದು ಅಲ್ಲಿ ಮತದಾರರು ಕಾಗದದ ಮೇಲೆಯೇ ಗುರುತು ಮಾಡಿ, ಅದನ್ನು ಸ್ಕ್ಯಾನ್ ಮಾಡುವ ಯಂತ್ರಕ್ಕೆ ಹಾಕಿದರು. ಮತದಾನಕ್ಕೆ ಒಂದು ವಾರವಿದ್ದಾಗ ನಡೆದ ಪರೀಕ್ಷೆಯಲ್ಲಿ ಮೆಮೊರಿ ಕಾರ್ಡುಗಳ ಸಂರಚನೆ ತಪ್ಪಾಗಿರುವುದು ಕಂಡು, ಸುಮಾರು 76,000 ಕಾರ್ಡುಗಳನ್ನು ವಾಪಸ್ ತರಿಸಿ ಸರಿಪಡಿಸಬೇಕಾಯಿತು. ಇಡೀ ದೇಶಕ್ಕೆ ಒಂದೇ ದಿನ ಯಂತ್ರ ತರುವುದರ ಅಪಾಯ ಇದು. ಆದರೆ ಮೂಲ ಮತವೇ ಕಾಗದವಾಗಿರುವುದರಿಂದ ಮರು ಎಣಿಕೆಗೆ ಅವರ ಪದ್ಧತಿ ನಮ್ಮದಕ್ಕಿಂತ ಸುಲಭ.

ಯಂತ್ರ ಬಂದು ನಾವು ಕಳೆದುಕೊಂಡದ್ದು ಏನಾದರೂ ಇದೆಯೇ?

ಇದೆ. ಅದರ ಬಗ್ಗೆ ಸಾಕಷ್ಟು ಮಾತು ನಡೆಯುತ್ತಿಲ್ಲ. ಮತಪತ್ರಗಳನ್ನು ಬೆರೆಸಿ ಎಣಿಸುವಾಗ ಯಾವ ಊರು ಯಾರಿಗೆ ಹಾಕಿತು ಎಂದು ತಿಳಿಯುತ್ತಿರಲಿಲ್ಲ. ಈಗ ಪ್ರತಿ ಮತಗಟ್ಟೆಯ ಫಲಿತಾಂಶ ಅಭ್ಯರ್ಥಿವಾರು ಬಯಲಾಗುತ್ತದೆ. ಒಂದು ಹಟ್ಟಿಗೋ ತಾಂಡಾಕ್ಕೋ ಒಂದೇ ಮತಗಟ್ಟೆ ಇದ್ದರೆ, ಗೆದ್ದವರು ಮಾರನೇ ದಿನವೇ 'ನಿಮ್ಮೂರಿಂದ ನಮಗೆ ಬಿದ್ದದ್ದು ಇಷ್ಟೇ' ಎಂದು ಪಟ್ಟಿ ಹಿಡಿದು ಕೇಳುತ್ತಾರೆ. ನೀರು, ರಸ್ತೆ, ಮನೆ ಹಂಚಿಕೆಯಲ್ಲಿ ಅದರ ಸೇಡು ಕಾಣುತ್ತದೆ.

ಇದಕ್ಕೆ ಪರಿಹಾರ ಟೋಟಲೈಸರ್. 14 ಕಂಟ್ರೋಲ್ ಯೂನಿಟ್‌ಗಳನ್ನು ಒಟ್ಟಿಗೆ ಜೋಡಿಸಿ ಒಂದೇ ಮೊತ್ತ ತೋರಿಸುವ ಸಾಧನ. ಆಯೋಗ 2008ರಲ್ಲೇ ಕೇಳಿತು, ಕಾನೂನು ಆಯೋಗದ 255ನೇ ವರದಿ 2015ರಲ್ಲಿ ಶಿಫಾರಸು ಮಾಡಿತು. ಇನ್ನೂ ಜಾರಿಗೆ ಬಂದಿಲ್ಲ. ಏಜೆಂಟರಿಗೆ 17ಸಿ ಮೂಲಕ ಮತಗಟ್ಟೆಯ ಒಟ್ಟು ಮತದ ಲೆಕ್ಕ ಸಿಕ್ಕೇ ಸಿಗುತ್ತದೆ, ಯಾರಿಗೆ ಎಷ್ಟು ಎಂಬುದನ್ನು ಮಾತ್ರ ಬೆರೆಸಬಹುದು. ವಿವಿಪ್ಯಾಟ್ ತಾಳೆಯನ್ನೂ ಅದೇ ಗುಂಪಿನ ಮೇಲೆ ಮಾಡುವಂತೆ ನಿಯಮ ಬರೆಯಬೇಕಾಗುತ್ತದೆ.

ಪಂಚಾಯಿತಿ, ಪಾಲಿಕೆ ಚುನಾವಣೆಗಳಿಗೂ ಇದೇ ಯಂತ್ರವೇ?

ಅವನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ದೆಹಲಿಯ ಆಯೋಗವಲ್ಲ. ಗ್ರಾಮ ಪಂಚಾಯಿತಿಯ ಒಂದೇ ಕ್ಷೇತ್ರದಲ್ಲಿ ಎರಡು ಮೂರು ಸ್ಥಾನಗಳಿದ್ದು ಒಬ್ಬರೇ ಅಷ್ಟೂ ಮತ ಹಾಕಬೇಕಾಗುವುದರಿಂದ ಹೆಚ್ಚಾಗಿ ಮತಪತ್ರವೇ ಬಳಕೆಯಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಂದಿನ ಎಲ್ಲ ಸ್ಥಳೀಯ ಸಂಸ್ಥೆ ಚುನಾವಣೆಗಳಿಗೂ ಮತಪತ್ರ ಬಳಸುವಂತೆ ಶಿಫಾರಸು ಮಾಡಲು ತೀರ್ಮಾನಿಸಿತು. ಮತಪತ್ರ ಬರುವಲ್ಲೆಲ್ಲ ಅಸಿಂಧು ಮತ ಕಡಿಮೆ ಮಾಡುವ ಪ್ರಚಾರ, ಎಣಿಕೆ ಸಿಬ್ಬಂದಿಗೆ ವಿಂಗಡಣೆಯ ತರಬೇತಿ, ಮತಪತ್ರದ ಕಟ್ಟುಗಳ ಕಾವಲು ಹೊಸದಾಗಿ ಶುರುವಾಗಬೇಕು. ಇಪ್ಪತ್ತು ವರ್ಷಗಳಲ್ಲಿ ಆ ಕೆಲಸ ಬಲ್ಲ ನೌಕರರಲ್ಲಿ ಬಹಳ ಮಂದಿ ನಿವೃತ್ತರಾಗಿದ್ದಾರೆ.

ದುಬೈಯಲ್ಲಿದ್ದೇನೆ, ಅಣ್ಣ ಗೋವಾದಲ್ಲಿ ಕಟ್ಟಡ ಕೆಲಸಕ್ಕಿದ್ದಾನೆ. ನಾವು ಇದ್ದಲ್ಲಿಂದಲೇ ಮತ ಹಾಕಬಹುದೇ?

ಸದ್ಯಕ್ಕೆ ಇಬ್ಬರಿಗೂ ಆಗದು. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ನಮೂನೆ 6ಎ ತುಂಬಿ ಊರಿನ ಪಟ್ಟಿಗೆ ಸೇರಬಹುದು. ಮತ ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಊರಿಗೇ ಬರಬೇಕು. ಕೆಲಸಕ್ಕೆ ವಲಸೆ ಹೋದವರಿಗಾಗಿ ಒಂದೇ ಯಂತ್ರದಿಂದ 72 ಕ್ಷೇತ್ರಗಳ ಮತ ಹಾಕಿಸಬಲ್ಲ ದೂರ ಮತದಾನ ಯಂತ್ರದ ಮಾದರಿಯನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಬೇರೆ ರಾಜ್ಯದ ಮತಗಟ್ಟೆಯಲ್ಲಿ ಏಜೆಂಟರು ಯಾರು, ನೀತಿ ಸಂಹಿತೆ ಯಾರಿಗೆ ಅನ್ವಯ, ವಲಸಿಗ ಎಂದರೆ ಯಾರು ಎಂಬ ಪ್ರಶ್ನೆಗಳಿಗೆ ಒಪ್ಪಿಗೆಯಾಗುವ ಉತ್ತರ ಸಿಗದೆ ಅದು ಅಲ್ಲೇ ನಿಂತಿದೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ದುಡಿಯಲು ಹೋದವರು ಮತ ಹಾಕಬೇಕೆಂದರೆ ಎರಡು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಬರಬೇಕು. ಆರು ತಿಂಗಳಿಗಿಂತ ಹೆಚ್ಚು ಒಂದೇ ಕಡೆ ನೆಲೆಸಿದ್ದರೆ ನಮೂನೆ 8 ಕೊಟ್ಟು ಹೆಸರನ್ನು ಈಗಿರುವ ವಿಳಾಸಕ್ಕೆ ವರ್ಗಾಯಿಸಿಕೊಳ್ಳುವುದು ಉತ್ತಮ. ಬಾಡಿಗೆ ಕರಾರು ಇಲ್ಲದಿದ್ದರೂ ಅರ್ಜಿ ಹಾಕಬಹುದು, ಬೂತ್ ಮಟ್ಟದ ಅಧಿಕಾರಿ ಸ್ಥಳಕ್ಕೆ ಬಂದು ನೋಡಿ ಖಚಿತಪಡಿಸಿಕೊಳ್ಳುತ್ತಾರೆ.